ಹೈಸ್ಕೂಲಿನಲ್ಲೇ ಕಾಲೇಜು ವಿಜ್ಞಾನ: ಎಪಿ ಬಿಟ್ಟು ಇದನ್ನು ತೆಗೆದುಕೊಳ್ಳಬಹುದೇ?

ಕ್ವೀನ್ಸ್ ಅಮ್ಮ:
ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿದ್ದೇವೆ. ಮಗಳು ಸರಕಾರಿ ಹೈಸ್ಕೂಲಿನಲ್ಲಿ ಹನ್ನೊಂದನೆಯ ತರಗತಿ. ಬರುವ ವರ್ಷ ಅವಳ ಶಾಲೆಯಲ್ಲೇ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಫೊರೆನ್ಸಿಕ್ ವಿಜ್ಞಾನ (ಅಪರಾಧ ತನಿಖೆಗೆ ಬಳಸುವ ವಿಜ್ಞಾನ) ಕೋರ್ಸ್ ಇದೆಯಂತೆ. ಕಲಿಸುವವರು ಶಾಲೆಯ ಟೀಚರ್, ಕ್ರೆಡಿಟ್, ಅಂದರೆ ಮುಂದೆ ಪದವಿಯ ಲೆಕ್ಕಕ್ಕೆ ಸೇರಬಹುದಾದದ್ದು, ವಿಶ್ವವಿದ್ಯಾಲಯದ್ದು. ಊರಿನಲ್ಲಿ ಪಿಯುಸಿ ಓದಿದ ನನಗೆ ಇದು ತಲೆಗೆ ಹತ್ತುತ್ತಿಲ್ಲ. ಶಾಲೆಯವರೇ ಮಾಡಿದ ಪಾಠ ಕಾಲೇಜಿನದು ಹೇಗಾಗುತ್ತದೆ? ಅವಳಿಗೆ ಡಾಕ್ಟರಾಗುವ ಆಸೆ ಬೇರೆ. ಎಪಿ (ಹೈಸ್ಕೂಲಿನಲ್ಲೇ ಕಲಿತು, ಕೊನೆಗೆ ಹೊರಗಿನ ಪರೀಕ್ಷೆ ಬರೆಯುವ ಕಾಲೇಜು ಮಟ್ಟದ ಕೋರ್ಸ್) ಕೆಮಿಸ್ಟ್ರಿಯೇ ವಾಸಿಯೇ?

ಕೆಮಿಸ್ಟ್ರಿ ಮೇಷ್ಟ್ರು:
ನ್ಯೂಜೆರ್ಸಿಯ ಒಂದು ನಗರದ ಸರಕಾರಿ ಶಾಲೆಯಲ್ಲಿ ಇದೇ ಕೋರ್ಸನ್ನು ಕಲಿಸುತ್ತೇನೆ. ಧೈರ್ಯವಾಗಿ ಹೇಳುತ್ತೇನೆ, ಇದು ಕಾಲೇಜಿನ ಪಾಠವೇ. ಸಿರಾಕ್ಯೂಸ್ 1972ರಿಂದ ಈ ಯೋಜನೆ ನಡೆಸುತ್ತಿದೆ. ಕಲಿಸುವವರು ಮೊದಲು ಅಲ್ಲಿನ ಪ್ರಾಧ್ಯಾಪಕರಿಂದ ತರಬೇತಿ ಪಡೆಯಬೇಕು. ಪಠ್ಯಕ್ರಮ ಅವರದು. ಅವರು ನಮ್ಮ ತರಗತಿಗೆ ಬಂದು ಕುಳಿತು ನೋಡುವುದೂ ಉಂಟು.

ನನ್ನ ಮಕ್ಕಳು ಕಪ್ಪು ಸ್ಕೆಚ್ ಪೆನ್ನಿನ ಚುಕ್ಕೆಯನ್ನು ಸೋಸುಕಾಗದದ ಪಟ್ಟಿಯ ಮೇಲಿಟ್ಟು, ತುದಿಯನ್ನು ನೀರಿಗೆ ತಾಗಿಸಿ ಕಾಯುತ್ತಾರೆ. ಕಪ್ಪು ಮೇಲೇರುತ್ತ ನೀಲಿ, ನೇರಳೆ, ಹಳದಿಯಾಗಿ ಬೇರೆಯಾಗುತ್ತದೆ. ಎರಡು ಕಂಪನಿಗಳ ಕಪ್ಪು ಒಂದೇ ಅಲ್ಲ ಎಂದು ಕಣ್ಣಿಗೆ ಬಿದ್ದಾಗ ಹಿಂದಿನ ಬೆಂಚಿನವರೂ ಎದ್ದು ಬರುತ್ತಾರೆ. ಆಮೇಲೆ ದೂರ ಅಳೆದು, ಲೆಕ್ಕ ಹಾಕಿ, ವರದಿ ಬರೆಯಬೇಕು. ಬೆವರು ಹರಿಯುವುದು ಆ ವರದಿಗೇ.

ಎಚ್ಚರವಹಿಸಬೇಕಾದದ್ದು ಗ್ರೇಡ್ ವಿಷಯದಲ್ಲಿ. ಎಪಿ ಪರೀಕ್ಷೆಯ ಅಂಕ ಕಡಿಮೆ ಬಂದರೆ ಕಾಲೇಜಿಗೆ ಕಳಿಸದೆ ಇರಬಹುದು. ಇಲ್ಲಿನ ಗ್ರೇಡ್ ವಿಶ್ವವಿದ್ಯಾಲಯದ ದಾಖಲೆಯಲ್ಲಿ ಉಳಿಯುತ್ತದೆ, ಮುಂದೆ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವಾಗ ಅದನ್ನೂ ತೋರಿಸಬೇಕು. ಹಾಗೆಯೇ, ಫೊರೆನ್ಸಿಕ್ ಕಲಿತರೆ ಕೆಮಿಸ್ಟ್ರಿ ಮುಗಿಯಿತು ಎಂದುಕೊಳ್ಳಬೇಡಿ. ಡಾಕ್ಟರಾಗುವವಳಿಗೆ ಕೆಮಿಸ್ಟ್ರಿ ಬೇಕೇ ಬೇಕು.

ಬ್ರೂಕ್ಲಿನ್ ಅಪ್ಪ:
ಶುಲ್ಕವನ್ನೂ ವಿಚಾರಿಸಿ. ನ್ಯೂಯಾರ್ಕ್ ನಗರದ ಸರಕಾರಿ ಶಾಲೆಯ ಮಕ್ಕಳಿಗೆ ಇಲ್ಲಿನ ಸಿಟಿ ಯೂನಿವರ್ಸಿಟಿಯ ‘ಕಾಲೇಜ್ ನೌ’ ಉಚಿತ, ಅದೂ ಹೈಸ್ಕೂಲಿನವರಿಗೆ ಕಾಲೇಜು ಪಾಠ ಕಲಿಸುವ ಯೋಜನೆಯೇ. ನಮ್ಮವನು ಅದರಲ್ಲೇ ಬಯಾಲಜಿ ಮಾಡಿದ. ಕ್ರೆಡಿಟ್ ಒಪ್ಪುವುದು ಮಾತ್ರ ಆಯಾ ಕಾಲೇಜಿನ ಮರ್ಜಿ. ಹೈಸ್ಕೂಲಿನಲ್ಲಿ ಕುಳಿತು ಗಳಿಸಿದ್ದನ್ನು ಕೆಲವು ಖಾಸಗಿ ಕಾಲೇಜುಗಳು ಒಪ್ಪುವುದಿಲ್ಲ.

ಕ್ವೀನ್ಸ್ ಅಮ್ಮ:
ಇಬ್ಬರಿಗೂ ಧನ್ಯವಾದ. ವಾರಕ್ಕೆ ಎಷ್ಟು ಪ್ರಯೋಗ, ಬಿಡುವುದಾದರೆ ಕೊನೆಯ ದಿನ ಯಾವುದು ಎಂದು ಶಾಲೆಯಲ್ಲಿ ಕೇಳುತ್ತೇನೆ.

ಕೆಮಿಸ್ಟ್ರಿ ಮೇಷ್ಟ್ರು:
ಮಗಳನ್ನೂ ಕರೆದುಕೊಂಡು ಹೋಗಿ ಅಮ್ಮ, ಕಳೆದ ವರ್ಷದವರ ಒಂದು ಪ್ರಯೋಗ ವರದಿಯನ್ನು ನೋಡಲಿ. ಅಷ್ಟು ಬರೆಯುವ ಮನಸ್ಸಿದೆಯೇ ಎಂಬುದನ್ನು ಅವಳೇ ಹೇಳುತ್ತಾಳೆ.