ಫ್ರೀ ಜಾಝ್ ಎಲ್ಪಿ: ಯಾವುದರಿಂದ ಶುರು ಮಾಡಲಿ?

ಪ್ರಶ್ನೆ, ಉಡುಪಿಯಿಂದ: ಮಾವನ ಹಳೇ ಟರ್ನ್‌ಟೇಬಲ್ ರಿಪೇರಿ ಆಗಿ ಮನೆಗೆ ಬಂತು. ಫ್ರೀ ಜಾಝ್, ಅಂದರೆ ಮೊದಲೇ ಹಾಕಿದ ರಾಗ-ಲಯದ ಚೌಕಟ್ಟಿಗೆ ಕಟ್ಟುಬೀಳದೆ ನುಡಿಸುವ ಜಾಝ್, ಅದರ ಎಲ್ಪಿ (ದೊಡ್ಡ ಗ್ರಾಮಫೋನ್ ಪ್ಲೇಟು) ಕೂಡಿಡಬೇಕು ಅಂತ ಆಸೆ. ಮೊದಲು ಯಾವುದು ತಗೊಳ್ಳಲಿ? ಅಪರೂಪದ್ದೇ ಬೇಕಾ?

ಕದ್ರಿಯಿಂದ: ಮೊದಲು ಕಿವಿಗೆ ಹತ್ತಲಿ ಮಾರಾಯ್ರೆ, ಕಪಾಟು ಆಮೇಲೆ ತುಂಬಿಸಿ. ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ ‘ಫ್ರೀ ಜಾಝ್’ ಅನ್ನುವ ಎಲ್ಪಿಯನ್ನೇ ಕೇಳಿ. 1960ರ ಡಿಸೆಂಬರ್‌ನಲ್ಲಿ ರೆಕಾರ್ಡ್ ಆದದ್ದು, ಸುಮಾರು 37 ನಿಮಿಷ. ನಾಲ್ಕು ನಾಲ್ಕು ಜನರ ಎರಡು ತಂಡ ಒಟ್ಟಿಗೆ ನುಡಿಸುತ್ತವೆ. ಒಂದು ಎಡ ಸ್ಪೀಕರಿನಲ್ಲಿ, ಇನ್ನೊಂದು ಬಲದಲ್ಲಿ. ನನ್ನ ಸೆಟ್ಟಿನ ಒಂದು ಸ್ಪೀಕರ್ ಹಾಳಾಗಿತ್ತು. ‘ಇಷ್ಟೇನಾ’ ಅಂದುಕೊಂಡು ಎತ್ತಿಟ್ಟಿದ್ದೆ. ಅರ್ಧ ಜನ ನುಡಿಸಿದ್ದು ಕೇಳಿಸಿಯೇ ಇರಲಿಲ್ಲ ಅಂತ ಗೊತ್ತಾಗಿದ್ದು ವರ್ಷದ ಮೇಲೆ! ಅದು ಜಾಸ್ತಿ ಆಯ್ತು ಅನ್ನಿಸಿದರೆ ಅವರದೇ 1959ರ ‘ದಿ ಶೇಪ್ ಆಫ್ ಜಾಝ್ ಟು ಕಮ್’ ಇದೆ. ಅದರಲ್ಲಿ ಗುನುಗಲು ಏನಾದರೂ ಸಿಗುತ್ತದೆ.

ಮಣಿಪಾಲದಿಂದ: ಅಪರೂಪದ್ದು ಅಂದರೆ ನಾನು ಕೈ ಸುಟ್ಟುಕೊಂಡವನು. ಜಾನ್ ಕೋಲ್ಟ್ರೇನ್ ಅವರ ‘ಅಸೆನ್ಷನ್’ ಇದೆಯಲ್ಲ, 1965ರ ಜೂನ್ 28ರಂದು ಹನ್ನೊಂದು ಜನ ಸೇರಿ ಅದನ್ನು ಎರಡು ಸಲ ನುಡಿಸಿದರು. ಮೊದಲು ಒಂದು ಟೇಕ್ ಹೊರಗೆ ಬಂತು. ಆಮೇಲೆ ಅದೇ ಕವರ್, ಅದೇ ನಂಬರ್, ಒಳಗೆ ಮಾತ್ರ ಇನ್ನೊಂದು ಟೇಕ್. ಲೇಬಲ್ ಸುತ್ತ ನುಣುಪಾದ ಖಾಲಿ ಪಟ್ಟಿ ಇರುತ್ತಲ್ವಾ, ಬದಲಾದ ಪ್ಲೇಟಿನಲ್ಲಿ ಅಲ್ಲಿ ‘ಎಡಿಷನ್ ಎರಡು’ ಅಂತ ಇಂಗ್ಲಿಷಿನಲ್ಲಿ ಗೀಚಿರುತ್ತದೆ. ಕಿಟಕಿ ಹತ್ತಿರ ಓರೆ ಹಿಡಿದರೆ ಕಾಣುತ್ತದೆ. ಮೊದಲನೆಯದು ಅಂತ ನಂಬಿ ದುಡ್ಡು ಸುರಿದು ತರಿಸಿದ ಮೇಲೆ ನಾನು ಓರೆ ಹಿಡಿದು ನೋಡಿದೆ. ಹೊಟ್ಟೆ ಉರಿಯಿತು. ಮಾರುವವರ ಹತ್ತಿರ ಆ ಜಾಗದ ಫೋಟೋ ಕೇಳಿ, ಕೊಡದಿದ್ದರೆ ಬಿಡಿ. ಪೀಟರ್ ಬ್ರೋಟ್ಸ್‌ಮನ್ 1968ರಲ್ಲಿ ಸ್ವಂತವಾಗಿ ತಂದ ‘ಮಷಿನ್ ಗನ್’ ಮೊದಲಿಗೆ 300 ಪ್ರತಿ ಮಾತ್ರ ಅಚ್ಚಾಗಿತ್ತು. ಅದರ ಹಿಂದೆ ಬೀಳಬೇಡಿ, ಮರುಮುದ್ರಣ ಸಾಕು.

ಬಿಜೈಯಿಂದ: ಇಬ್ಬರೂ ಮಳೆಗಾಲ ಮರೆತಿರಾ? ಆಲ್ಬರ್ಟ್ ಐಲರ್ ಅವರ ‘ಸ್ಪಿರಿಚುವಲ್ ಯೂನಿಟಿ’ಯನ್ನು ನಾನು ಬಿಗಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೋಪಾನ ಮಾಡಿದ್ದೆ. ಆಟಿ ತಿಂಗಳ ಮಳೆ ಮುಗಿದು ತೆಗೆದರೆ ಕವರಿನ ತುಂಬ ಬಿಳಿ ಬೂಷ್ಟು, ಒದ್ದೆ ಗೋಣಿಯ ವಾಸನೆ. ಹೊರಗೋಡೆಗೆ ತಾಗಿದ ಕಪಾಟು ಬೇಡ. ಪ್ಲೇಟುಗಳನ್ನು ನಿಲ್ಲಿಸಿ ಇಡಿ, ಮಧ್ಯೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಿಸಿಲು ಬಂದ ದಿನ ಕಪಾಟಿನ ಬಾಗಿಲು ತೆರೆದಿಡಿ. ಪ್ಲೇಟನ್ನೇ ಬಿಸಿಲಿಗಿಟ್ಟರೆ ಹಪ್ಪಳ ಆಗುತ್ತದೆ.

ಮತ್ತೆ ಕದ್ರಿಯಿಂದ: ಮನೆಯವರು ‘ಇದೆಂತ ಗಲಾಟೆ’ ಅಂದರೆ ನಮ್ಮ ಸ್ಯಾಕ್ಸೊಫೋನ್ ಕದ್ರಿ ಗೋಪಾಲನಾಥರು ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ ಜೊತೆ ನುಡಿಸಿದ ‘ಕಿನ್ಸ್‌ಮೆನ್’ ಹಾಕಿ. 2008ರದ್ದು. ಫ್ರೀ ಜಾಝ್ ಅಲ್ಲ, ಆದರೆ ಜಗಳ ನಿಲ್ಲುತ್ತದೆ.

ಉಡುಪಿಯಿಂದ: ಎಲ್ಲರಿಗೂ ಥ್ಯಾಂಕ್ಸ್. ಕೋಲ್ಮನ್ ತರಿಸುತ್ತೇನೆ. ಅದಕ್ಕಿಂತ ಮೊದಲು ಬಲಗಡೆ ಸ್ಪೀಕರ್ ತೋರಿಸಬೇಕು. ಈಗ ನೋಡಿದೆ, ಸದ್ದೇ ಇಲ್ಲ.