ಔಟರ್ ಜಾಯಿನ್‌ಗೆ 'ಹೊರ ಜೋಡಣೆ' ಸರಿಹೋಗುತ್ತದೆಯೇ?

ಗೆಳೆಯರೇ,

ಬೆಂಗಳೂರಿನಲ್ಲಿ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಡೇಟಾಬೇಸ್ ಹೇಳಿಕೊಡುತ್ತೇನೆ. ಅವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಎರಡು ಟೇಬಲ್‌ಗಳ ಸಾಲುಗಳನ್ನು ಹೊಂದಿಸಿ ಕೂಡಿಸುವ ಜಾಯಿನ್‌ಗೆ 'ಜೋಡಣೆ' ಸಾಕು. ಆದರೆ 'ಲೆಫ್ಟ್ ಔಟರ್ ಜಾಯಿನ್' ಅನ್ನು 'ಎಡ ಹೊರ ಜೋಡಣೆ' ಅಂತ ಬರೆದರೆ ಏನೂ ತಿಳಿಯುವುದಿಲ್ಲ.

ಒಂದು ಟೇಬಲ್‌ನಲ್ಲಿ ಅಂಗಡಿಯ ಶಾಖೆಗಳಿವೆ ಅನ್ನಿ: ಮಲ್ಲೇಶ್ವರ, ಜಯನಗರ, ಯಲಹಂಕ. ಇನ್ನೊಂದರಲ್ಲಿ ಮಾರಾಟದ ವಿವರ. ಯಲಹಂಕದಲ್ಲಿ ಇದುವರೆಗೆ ಏನೂ ಮಾರಾಟವಾಗಿಲ್ಲ. ಬರೀ ಜಾಯಿನ್ ಮಾಡಿದರೆ ಯಲಹಂಕದ ಸಾಲೇ ಬರುವುದಿಲ್ಲ. ಶಾಖೆಗಳ ಟೇಬಲ್ಲನ್ನು ಮೊದಲು ಬರೆದು ಲೆಫ್ಟ್ ಔಟರ್ ಜಾಯಿನ್ ಮಾಡಿದರೆ ಆ ಸಾಲು ಉಳಿಯುತ್ತದೆ, ಮಾರಾಟದ ಕಾಲಂನಲ್ಲಿ ನಲ್ ('ಮಾಹಿತಿ ಇಲ್ಲ' ಎಂಬ ಗುರುತು) ಕೂರುತ್ತದೆ. ಜೋಡಿ ಸಿಗದ ಸಾಲನ್ನೂ ಉಳಿಸಿಕೊಳ್ಳುವುದೇ ಇದರ ಕೆಲಸ. ಅದಕ್ಕೇ 'ಎಡ ಉಳಿಕೆ ಜೋಡಣೆ' ಅನ್ನಬಹುದೇ ಅಂತ ನನ್ನ ಯೋಚನೆ. ಎರಡೂ ಟೇಬಲ್‌ಗಳ ಸಾಲು ಉಳಿಸುವ ಫುಲ್ ಔಟರ್‌ಗೆ 'ಇಬ್ಬದಿ ಉಳಿಕೆ ಜೋಡಣೆ'.

ಹಳೇ ಕೋಡ್ ಓದುವಾಗಲೂ ಈ ಹೆಸರು ಕೈಹಿಡಿಯುತ್ತದೆ. ಒರಾಕಲ್ ಡೇಟಾಬೇಸ್‌ನಲ್ಲಿ ಔಟರ್ ಜಾಯಿನ್‌ಗೆ ಹಾಕುವ (+) ಗುರುತು ಬರುವುದು ಜೋಡಿ ಸಿಗದೇ ಇರಬಹುದಾದ ಕಡೆ, ಅಂದರೆ ಮಾರಾಟದ ಕಡೆ. ಸೈಬೇಸ್ ಮತ್ತು ಹಳೇ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ಗಳ *= ಗುರುತಿನಲ್ಲಿ ನಕ್ಷತ್ರ ಇರುವುದು ಪೂರ್ತಿ ಉಳಿಯುವ ಕಡೆ. ಕೆಲಸ ಒಂದೇ, ಗುರುತು ಮಾತ್ರ ತಿರುಗುಮುರುಗು! 'ಯಾವ ಕಡೆಯದು ಉಳಿಯುತ್ತೆ?' ಅಂತ ಕೇಳಿಕೊಂಡರೆ ಗೊಂದಲ ಬಗೆಹರಿಯುತ್ತದೆ. ಡೇಟಾಬೇಸ್ ಭಾಷೆ ಎಸ್‌ಕ್ಯೂಎಲ್‌ನ 1992ರ ಸ್ಟ್ಯಾಂಡರ್ಡ್‌ನಲ್ಲಿ 'ಲೆಫ್ಟ್ ಔಟರ್ ಜಾಯಿನ್' ಎನ್ನುವ ಈಗಿನ ಬರವಣಿಗೆ ಬಂತು. ಒರಾಕಲ್ ಅದನ್ನು 9ಐ ಆವೃತ್ತಿಯಲ್ಲಿ ಸೇರಿಸಿತು. ಈಗ ಲೆಫ್ಟ್ ಜಾಯಿನ್ ಎಲ್ಲಾ ಕಡೆ ನಡೆಯುತ್ತದೆ. ಫುಲ್ ಮಾತ್ರ ಮೈಎಸ್‌ಕ್ಯೂಎಲ್‌ನಲ್ಲಿ ಇಲ್ಲ, ಎಸ್‌ಕ್ಯೂಲೈಟ್‌ಗೆ ಬಂದಿದ್ದೇ 2022ರಲ್ಲಿ.

ಮಕ್ಕಳು ಜಾಸ್ತಿ ಎಡವುವುದು ಇನ್ನೊಂದು ಕಡೆ. 'ಈ ತಿಂಗಳ ಮಾರಾಟ' ಎಂಬ ಷರತ್ತನ್ನು ಆನ್‌ನಲ್ಲಿ (ಜೋಡಿಸುವ ನಿಯಮದಲ್ಲಿ) ಹಾಕದೆ ವೇರ್‌ನಲ್ಲಿ (ಜೋಡಿಸಿದ ಮೇಲೆ ಸಾಲು ಸೋಸುವ ಕಡೆ) ಹಾಕಿಬಿಡುತ್ತಾರೆ. ನಲ್ ಆ ಷರತ್ತನ್ನು ದಾಟುವುದಿಲ್ಲ, ಯಲಹಂಕ ಮತ್ತೆ ಮಾಯವಾಗುತ್ತದೆ. ಹೆಸರಲ್ಲೇ 'ಉಳಿಕೆ' ಇದ್ದರೆ 'ಉಳೀಬೇಕಿತ್ತಲ್ವಾ, ಯಾಕೆ ಹೋಯ್ತು?' ಅಂತ ಅವರೇ ಕೇಳುತ್ತಾರೆ.

ಒಂದು ಅನುಮಾನವಿದೆ. ಲೆಕ್ಕದ ಪುಸ್ತಕದಲ್ಲಿ 'ಉಳಿಕೆ' ಅಂದರೆ ಮಿಕ್ಕ ದುಡ್ಡು. ಓದುವವರು ಜೋಡಿಯಾಗದೆ ಮಿಕ್ಕ ಸಾಲುಗಳಷ್ಟೇ ಬರುತ್ತವೆ ಅಂದುಕೊಂಡಾರೇ? ಹಾಗಿದ್ದರೆ 'ಎಡ ಉಳಿಸು ಜೋಡಣೆ' ಮೇಲೇ? ಅಥವಾ 'ಔಟರ್ ಜಾಯಿನ್' ಅಂತಲೇ ಬಿಟ್ಟು ಅರ್ಥ ವಿವರಿಸುವುದು ಒಳ್ಳೆಯದೇ? ಆಫೀಸಿನಲ್ಲಿ ಕನ್ನಡದಲ್ಲೇ ಕೋಡ್ ಬಗ್ಗೆ ಮಾತಾಡುವವರು ನೀವು ಏನನ್ನುತ್ತೀರಿ, ದಯವಿಟ್ಟು ಬರೆಯಿರಿ.