ಭಾನುವಾರ ಬಿಸ್ಕತ್ತು, ಬುಧವಾರ ದೋಸೆ: ಓಟ್ಸ್ ಕುಕೀಸ್ ಮಾಡುವವರು ಸ್ವಲ್ಪ ಹೇಳಿ

ನೀರ್ಚಾಲು ಟೀಚರ್ ಕೇಳಿದ್ದು:

ನಮಸ್ಕಾರ. ಒಂದು ತಲೆಬಿಸಿ ಉಂಟು. ಯಾರಾದರೂ ಬಿಡಿಸಿ ಕೊಡಿ.

ಮಗಳು ಮಂಗಳೂರಿನ ಕಾಲೇಜಿಗೆ ಹೋಗುವುದು. ಮನೆಯಿಂದ ಬಸ್ಸು, ಕುಂಬಳೆಯಿಂದ ರೈಲು. ಬೆಳಿಗ್ಗೆ ಆರು ಗಂಟೆಗೆ ನಾನು ಕಾವಲಿಯ ಮುಂದೆ ನಿಂತು ತಿನ್ನು ತಿನ್ನು ಎಂದರೆ ಅವಳಿಗೆ ಗಂಟಲಲ್ಲಿ ಇಳಿಯುವುದಿಲ್ಲ. ರೈಲಿನಲ್ಲಿ ಕೂತ ಮೇಲೆ ಹಸಿವು ಶುರು. ಆಗ ಸಿಕ್ಕಿದ ಎಣ್ಣೆ ತಿಂಡಿ ತಿನ್ನುತ್ತಾಳೆ. ನನಗೂ ಶಾಲೆಯಲ್ಲಿ ಹನ್ನೊಂದು ಗಂಟೆಗೆ ಹೊಟ್ಟೆ ಚುರುಗುಟ್ಟುತ್ತದೆ. ಅದಕ್ಕೆ ಕಳೆದ ದೀಪಾವಳಿಗೆ 28 ಲೀಟರಿನ ಓಟಿಜಿ (ಕರೆಂಟಿನ ಸಣ್ಣ ಓವನ್) ತೆಗೆದುಕೊಂಡು ಓಟ್ಸ್ ಕುಕೀಸ್ ಮಾಡಲು ಹೊರಟೆ. ನಮ್ಮ ಮಾವ ಮಾತ್ರ ಎಲ್ಲವನ್ನೂ ಬಿಸ್ಕತ್ತು ಅಂತಲೇ ಹೇಳುವುದು. ಓಟ್ಸ್ ಪ್ಯಾಕೆಟ್ ಕಂಡ ದಿನ "ಇದು ಕುದುರೆಗೆ ಹಾಕುವುದಲ್ಲವಾ" ಎಂದರು. ಆಮೇಲೆ ಎರಡು ತಿಂದರು.

ನನ್ನ ಅಳತೆ ಹೀಗೆ. ಓಟ್ಸ್ 150 ಗ್ರಾಂ, ಗೋಧಿ ಹಿಟ್ಟು 75 ಗ್ರಾಂ, ಬೆಲ್ಲದ ಪುಡಿ 100 ಗ್ರಾಂ, ಮನೆಯ ತೆಂಗಿನೆಣ್ಣೆ 75 ಗ್ರಾಂ. ಒಂದು ದೊಡ್ಡ ಕದಳಿ ಹಣ್ಣು ಕಿವುಚಿದ್ದು. ಒಣ ತೆಂಗಿನ ತುರಿ ಹುರಿದದ್ದು ಒಂದು ಹಿಡಿ, ಗೇರುಬೀಜ ಒಂದು ಹಿಡಿ, ಕಾಲು ಚಮಚ ಸೋಡಾ, ಚಿಟಿಕೆ ಉಪ್ಪು, ಏಲಕ್ಕಿ, ಎರಡು ಚಮಚ ಹಾಲು. ಮೊಟ್ಟೆ ನಮ್ಮಲ್ಲಿ ಆಗುವುದಿಲ್ಲ. 25 ಗ್ರಾಮಿನ ಉಂಡೆ ಮಾಡಿದರೆ 22 ಬರುತ್ತದೆ. ಓವನ್ ಹತ್ತು ನಿಮಿಷ ಕಾಯಿಸಿ, 175 ಡಿಗ್ರಿಯಲ್ಲಿ 14 ನಿಮಿಷ.

ಈಗ ಸಮಸ್ಯೆ ಕೇಳಿ. ಭಾನುವಾರ ಮಾಡಿದರೆ ಚಂದ ಬರುತ್ತದೆ. ಅಂಚು ಕೆಂಪು, ನಡುವೆ ಮೆತ್ತಗೆ, ಕೈಯಲ್ಲಿ ಎತ್ತಿದರೆ ಮುರಿಯುವುದಿಲ್ಲ. ಅದು ಮುಗಿಯಿತು ಎಂದು ಬುಧವಾರ ಮಾಡಿದರೆ ಟ್ರೇಯಲ್ಲಿ ಹರಡಿ ಒಂದಕ್ಕೊಂದು ಅಂಟಿಕೊಂಡು ಕೂರುತ್ತದೆ. ಬಣ್ಣವೂ ಇಲ್ಲ, ಎಣ್ಣೆ ಬಿಟ್ಟುಕೊಂಡಿರುತ್ತದೆ. ಅದೇ ಡಬ್ಬದ ಓಟ್ಸ್, ಅದೇ ಬೆಲ್ಲ, ತಕ್ಕಡಿಯಲ್ಲಿ ತೂಗಿಯೇ ಹಾಕುವುದು. ಜನವರಿಯಿಂದ ಹೀಗೇ ಆಗುತ್ತಾ ಉಂಟು. ಡಿಸೆಂಬರ್‌ವರೆಗೆ ವಾರದ ಯಾವ ದಿನ ಮಾಡಿದರೂ ಸರಿ ಇತ್ತು.

ಅತ್ತೆ ಹೇಳುವುದು ಕಣ್ಣು ಬಿದ್ದದ್ದು ಅಂತ. ಇರಬಹುದು, ಆದರೆ ಬುಧವಾರ ಮಾತ್ರ ಯಾಕೆ ಬೀಳಬೇಕು?

ಇನ್ನೊಂದು ಸಣ್ಣ ಪ್ರಶ್ನೆ. ಚಂದ ಬಂದದ್ದೂ ಎರಡನೇ ದಿನಕ್ಕೆ ಮೆತ್ತಗಾಗುತ್ತದೆ. ಅದಕ್ಕೆ ಎಂತ ಮಾಡುವುದು?

ಬೋರ್ಮದ ಬುಡದಲ್ಲಿ ಬರೆದದ್ದು:

ಟೀಚರೇ, ನಾನು ಹೊಸಂಗಡಿ ಕಡೆಯವನು. ಹದಿನೆಂಟು ವರ್ಷ ಬೇಕರಿಯಲ್ಲಿ ಬೋರ್ಮದ, ಅಂದರೆ ಸೌದೆ ಹಾಕುವ ದೊಡ್ಡ ಓವನ್ನಿನ, ಎದುರು ನಿಂತವನು. ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ, ಯಾಕೆಂದರೆ ಅದು ಸುಲಭ.

ಮೆತ್ತಗಾಗುವುದಕ್ಕೆ ಕಳ್ಳರು ಇಬ್ಬರು. ಒಬ್ಬ ಕದಳಿ ಹಣ್ಣು. ಬಾಳೆಹಣ್ಣಿನಲ್ಲಿ ಮುಕ್ಕಾಲು ಪಾಲು ನೀರೇ. ಅದನ್ನು ಹಾಕಿ ಗರಿಗರಿ ಬೇಕು ಎಂದರೆ ಆಗುವ ಮಾತಲ್ಲ. ಇನ್ನೊಬ್ಬ ಬೆಲ್ಲ. ಸಕ್ಕರೆಗಿಂತ ಬೆಲ್ಲ ಗಾಳಿಯ ತೇವವನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೆ ಬರಗಾಲ ಇಲ್ಲವಲ್ಲ. ಮಳೆಗಾಲ ಬರಲಿ, ಇನ್ನೂ ನೋಡುವಿರಿ.

ಗರಿಗರಿ ಬೇಕಾದರೆ ಹಣ್ಣು ಬಿಡಿ, ಹಾಲು ಮೂರು ನಾಲ್ಕು ಚಮಚಕ್ಕೆ ಏರಿಸಿ. ಹಣ್ಣೇ ಬೇಕಾದರೆ ಮೆತ್ತಗಿನ ಬಿಸ್ಕತ್ತು ಎಂದು ಒಪ್ಪಿಕೊಂಡು ಎರಡೇ ದಿನದಲ್ಲಿ ಮುಗಿಸಿ. ತಣಿಯುವ ಮೊದಲು ಡಬ್ಬಕ್ಕೆ ಹಾಕಬೇಡಿ. ಬಿಸಿ ಇರುವಾಗ ಮುಚ್ಚಿದರೆ ಮುಚ್ಚಳದಲ್ಲಿ ಬೆವರು ಬರುತ್ತದೆ, ಅದು ಬಿಸ್ಕತ್ತಿನ ಮೇಲೆಯೇ ಬೀಳುವುದು. ಮೆತ್ತಗಾದದ್ದನ್ನು 140 ಡಿಗ್ರಿಯಲ್ಲಿ ಏಳೆಂಟು ನಿಮಿಷ ಇಟ್ಟು ತಣಿಸಿದರೆ ಪುನಃ ಗಟ್ಟಿಯಾಗುತ್ತದೆ.

ಈಗ ಹರಡುವ ವಿಷಯ. ನಿಮ್ಮ ಓಟ್ಸ್ ಯಾವುದು? ದೊಡ್ಡ ಚಪ್ಪಟೆ ರೋಲ್ಡ್ ಓಟ್ಸಾ, ಎರಡು ನಿಮಿಷದಲ್ಲಿ ಬೇಯುವ ಪುಡಿ ಪುಡಿಯದ್ದಾ? ಎರಡೂ ಹಬೆಯಲ್ಲಿ ಬೇಯಿಸಿ ರೋಲರಿನಲ್ಲಿ ಒತ್ತಿದ್ದೇ, ಆದರೆ ಒಂದು ದಪ್ಪ, ಒಂದು ತೆಳು. ದಪ್ಪದ್ದು ನೀರು ಕುಡಿಯಲು ಹೊತ್ತು ಬೇಕು. ಕಲಸಿದ ಕೂಡಲೇ ಉಂಡೆ ಮಾಡಿದರೆ ನೀರು ಹೊರಗೇ ಇರುತ್ತದೆ, ಹಿಟ್ಟು ಸಡಿಲ. ಅರ್ಧ ಗಂಟೆ ಮುಚ್ಚಿಡಿ. ಓಟ್ಸಿನ ಮೂರರಲ್ಲಿ ಒಂದು ಪಾಲು ಮಿಕ್ಸಿಯಲ್ಲಿ ಪುಡಿ ಮಾಡಿದರೆ ಹಿಡಿತ ಚೆನ್ನಾಗಿ ಬರುತ್ತದೆ. ಉಳಿದದ್ದನ್ನು ಸಣ್ಣ ಉರಿಯಲ್ಲಿ ಐದು ನಿಮಿಷ ಹುರಿಯಿರಿ. ಹಸಿ ಓಟ್ಸಿಗೆ ಒಂದು ಗೋಣಿಚೀಲದ ವಾಸನೆ ಉಂಟು, ಅದು ಹೋಗುತ್ತದೆ.

ಮತ್ತೆ ತೆಂಗಿನೆಣ್ಣೆ. ಸುಮಾರು 24 ಡಿಗ್ರಿಗೆ ಕರಗುವುದು ಅದು. ಫೆಬ್ರವರಿ ಮಾರ್ಚಿನ ಸೆಕೆಯಲ್ಲಿ ಬಾಟಲಿಯಲ್ಲೇ ನೀರಾಗಿರುತ್ತದೆ. ಉಂಡೆಗಳನ್ನು ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ಆಮೇಲೆ ಓವನ್ನಿಗೆ ಹಾಕಿ ನೋಡಿ.

ನೀರ್ಚಾಲು ಟೀಚರ್:

ರೋಲ್ಡ್ ಓಟ್ಸೇ, ದೊಡ್ಡದು. ಮುಚ್ಚಿಡುವುದು ಗೊತ್ತಿರಲಿಲ್ಲ, ಇನ್ನು ಇಡುತ್ತೇನೆ. ಆದರೆ ಭಾನುವಾರವೂ ನಾನು ಮುಚ್ಚಿಡುವುದಿಲ್ಲ ಅಲ್ವಾ? ಎಣ್ಣೆಯೂ ಭಾನುವಾರ ನೀರೇ. ಆದರೂ ಸರಿ ಬರುತ್ತದೆ.

ಮುಳ್ಳೇರಿಯ ದೊಡ್ಡಮ್ಮ:

ಓವನ್ನೇ ಇಲ್ಲದವರು ಇದನ್ನು ಓದಿ ಬೇಜಾರು ಮಾಡಿಕೊಳ್ಳಬೇಡಿ ಅಂತ ಬರೆಯುತ್ತಿದ್ದೇನೆ. ನಾನು ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆಗೆ ಎರಡು ಬೆರಳು ಕಲ್ಲುಪ್ಪು ಹಾಕಿ, ಮೇಲೊಂದು ಕುಕ್ಕರಿನ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹದಿನೈದು ನಿಮಿಷ ಕಾಯಿಸುತ್ತೇನೆ. ಆಮೇಲೆ ಸ್ಟೀಲ್ ತಟ್ಟೆಯಲ್ಲಿ ಐದಾರು ಬಿಸ್ಕತ್ತು ಇಟ್ಟು ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಅಡಿ ಬೇಗ ಕೆಂಪಾಗುತ್ತದೆ. ಅದಕ್ಕೆ ತಟ್ಟೆಯ ಕೆಳಗೆ ಇನ್ನೊಂದು ತಟ್ಟೆ. ಮೇಲೆ ಬಣ್ಣ ಬರುವುದಿಲ್ಲ, ಬರದಿದ್ದರೆ ಬೇಡ.

ನಮ್ಮ ಅಮ್ಮ ಕೆಂಡದಡ್ಯೆ ಮಾಡುತ್ತಿದ್ದದ್ದು ಇನ್ನೇನು? ಸೌತೆಕಾಯಿ, ಅಕ್ಕಿ ತರಿ, ಬೆಲ್ಲ. ಉರುಳಿಗೆ ಬಾಳೆಲೆ ಹಾಸಿ, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಡಿಗ್ರಿ ಎಲ್ಲ ಯಾರು ನೋಡಿದ್ದು? ಮೇಲಿನ ಕೆಂಡ ಬೂದಿ ಕಟ್ಟಿದರೆ ಅಡ್ಯೆ ಮೇಲೆ ಬೆಳ್ಳಗೆ, ಒಳಗೆ ಅಂಟಂಟು. ಟೀಚರಿನ ಬುಧವಾರದ ಬಿಸ್ಕತ್ತಿನ ವಿವರ ಓದುವಾಗ ನನಗೆ ಅದೇ ನೆನಪಾಯಿತು. ನಿಮ್ಮ ಕೆಂಡ ಆರುತ್ತಿದೆಯೋ ಏನೋ, ಒಮ್ಮೆ ನೋಡಿ.

ಔಷಧದಂಗಡಿ:

ವಿಷಯ ಬೇರೆ ಕಡೆ ಎಳೆಯುತ್ತಿದ್ದೇನೆ, ಕ್ಷಮಿಸಿ. ಓಟ್ಸ್ ಬಿಸ್ಕತ್ತು ಎಂದ ಕೂಡಲೇ ಜನ ಅದನ್ನು ಮದ್ದು ಅಂದುಕೊಳ್ಳುತ್ತಾರೆ. ಅಂಗಡಿಗೆ ಬರುವವರು ದಿನಾ ಕೇಳುತ್ತಾರೆ, ಶುಗರ್ ಇದ್ದವರು ತಿನ್ನಬಹುದಾ ಅಂತ. ಸ್ವಲ್ಪ ಲೆಕ್ಕ ಹಾಕೋಣ.

100 ಗ್ರಾಂ ಓಟ್ಸಿನಲ್ಲಿ ಸುಮಾರು 10 ಗ್ರಾಂ ನಾರು, 13 ಗ್ರಾಂ ಪ್ರೋಟೀನ್ ಉಂಟು. ಒಳ್ಳೆಯದೇ. ಕೊಲೆಸ್ಟ್ರಾಲ್ ಇಳಿಸುವುದಕ್ಕೆ ಹೆಸರಾದದ್ದು ಅದರಲ್ಲಿರುವ ಬೀಟಾ ಗ್ಲುಕಾನ್ ಎಂಬ ಲೋಳೆಯಂಥ ನಾರು. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲಿ ಓಟ್ಸ್ ಪ್ಯಾಕೆಟ್ಟಿನ ಮೇಲೆ ಹೃದಯದ ವಿಷಯ ಬರೆಯಲು ಒಪ್ಪಿಗೆ ಕೊಟ್ಟಾಗ ಹೇಳಿದ ಅಳತೆ ದಿನಕ್ಕೆ 3 ಗ್ರಾಂ. ಅಷ್ಟು ಸಿಗಬೇಕಾದರೆ ಸುಮಾರು 75 ಗ್ರಾಂ ಓಟ್ಸ್ ಬೇಕು. ಟೀಚರ್ ಅಳತೆಯಲ್ಲಿ ಅದು 11 ಬಿಸ್ಕತ್ತು. ಅದರ ಜೊತೆಗೆ 50 ಗ್ರಾಂ ಬೆಲ್ಲವೂ ಹೊಟ್ಟೆಗೆ ಹೋಗುತ್ತದೆ! ಕೊಲೆಸ್ಟ್ರಾಲಿಗೆ ಬೇಕಾದವರು ಗಂಜಿ ಮಾಡಿ ಕುಡಿಯಲಿ.

ಬೆಲ್ಲ ಹಾಕಿದ್ದು, ಸಕ್ಕರೆ ಇಲ್ಲ ಎಂದು ಹೇಳಿ ಅಜ್ಜಂದಿರಿಗೆ ಕೊಡುವವರಿದ್ದಾರೆ. ಬೆಲ್ಲದಲ್ಲಿ ಜಾಸ್ತಿ ಪಾಲು ಸಕ್ಕರೆಯೇ. ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐ ತೋರಿಸಿಕೊಟ್ಟ ಕಲ್ಪರಸದ (ತೆಂಗಿನ ಹೊಂಬಾಳೆಯಿಂದ ಇಳಿಸಿದ ರಸದ) ಸಕ್ಕರೆಯೂ ಅಷ್ಟೇ. ರುಚಿ ಬಹಳ ಒಳ್ಳೆಯದು, ಓಟ್ಸಿಗೆ ಚೆನ್ನಾಗಿ ಹೊಂದುತ್ತದೆ, ಬೆಲ್ಲದಷ್ಟು ಅಂಟೂ ಇಲ್ಲ. ಆದರೆ ಸಕ್ಕರೆ ಸಕ್ಕರೆಯೇ. ಕಾಲೇಜಿನ ಹುಡುಗಿ ರೈಲಿನಲ್ಲಿ ಮೂರು ತಿಂದರೆ ತೊಂದರೆ ಇಲ್ಲ, ಬೋಂಡಕ್ಕಿಂತ ವಾಸಿ. ಬೆಲ್ಲ 100ರಿಂದ 70ಕ್ಕೆ ಇಳಿಸಿ ನೋಡಿ. ಹರಡುವುದೂ ಕಡಿಮೆ ಆದೀತು.

ಕಂಬದ ಮೇಲೆ ಕೂತವ:

ಟೀಚರ್, ಬುಧವಾರ ಮಾಡುವುದು ಎಷ್ಟು ಗಂಟೆಗೆ? ಭಾನುವಾರ ಎಷ್ಟು ಗಂಟೆಗೆ?

ನೀರ್ಚಾಲು ಟೀಚರ್:

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ. ಬುಧವಾರ ಶಾಲೆಯಿಂದ ಬಂದು ಚಾ ಕುಡಿದು ಕಲಸಿ, ಆರೂವರೆ ಏಳಕ್ಕೆ. ಯಾಕೆ?

ಕಂಬದ ಮೇಲೆ ಕೂತವ:

ಹಾಗಾದರೆ ನಿಮ್ಮ ಬಿಸ್ಕತ್ತಿಗೆ ಏನೂ ರೋಗ ಇಲ್ಲ. ಕರೆಂಟಿಗೆ ರೋಗ.

ನಾನು ವಯರಿಂಗ್ ಕೆಲಸದವನು. ಜನವರಿಯಿಂದ ಮೇವರೆಗೆ ನಮ್ಮ ಕಡೆ ತೋಟಕ್ಕೆ ನೀರು ಬಿಡುವ ಕಾಲ. ಸಂಜೆಯಾದರೆ ಸಾಲಾಗಿ ಪಂಪು. ಅದೇ ಹೊತ್ತಿಗೆ ಎಲ್ಲರ ಮನೆಯ ಲೈಟು, ಫ್ಯಾನು, ಮಿಕ್ಸಿ. ಲೈನಿನ ಕೊನೆಯಲ್ಲಿರುವ ಮನೆಗೆ 230 ವೋಲ್ಟ್ ಬರಬೇಕಾದಲ್ಲಿ 180 ಬರುತ್ತದೆ. ಈಗಿನ ಎಲ್ಇಡಿ ಬಲ್ಬ್ ಅಷ್ಟಕ್ಕೆಲ್ಲ ಮಂಕಾಗುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಮೊದಲಿನ ಬಲ್ಬ್ ಆಗಿದ್ದರೆ ಕೆಂಪು ಕೆಂಪಾಗಿ ಚಾಡಿ ಹೇಳುತ್ತಿತ್ತು.

ಓವನ್ನಿನ ಕಾಯಿಲ್ ಉಂಟಲ್ಲ, ಅದಕ್ಕೆ ವೋಲ್ಟೇಜ್ ಇಳಿದಷ್ಟೇ ಶಾಖ ಇಳಿಯುವುದಲ್ಲ. ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 180ನ್ನು 230ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ಸುಮಾರು 0.61. ಅಂದರೆ 1500 ವಾಟಿನ ಓವನ್ 920 ವಾಟಿನದ್ದಾಗಿ ಕೆಲಸ ಮಾಡುತ್ತದೆ. ನೀವು ಹತ್ತು ನಿಮಿಷ ಕಾಯಿಸಿ ಬಿಸಿ ಆಯಿತು ಅಂದುಕೊಳ್ಳುತ್ತೀರಿ, ಅದು ಇನ್ನೂ ದಾರಿಯಲ್ಲೇ ಇರುತ್ತದೆ. ಬಾಗಿಲು ತೆಗೆದು ಟ್ರೇ ಇಟ್ಟಾಗ ಇದ್ದ ಶಾಖವೂ ಹೊರಗೆ ಹೋಯಿತು. ಎಣ್ಣೆ ಬೆಲ್ಲ ಕರಗಲು ಅಷ್ಟು ಶಾಖ ಸಾಕು, ಬಿಸ್ಕತ್ತಿನ ಅಂಚು ಗಟ್ಟಿ ಕಟ್ಟಲು ಸಾಲುವುದಿಲ್ಲ. ಗಟ್ಟಿ ಆಗುವ ಮೊದಲೇ ಹರಿದು ಹೋಗುತ್ತದೆ. ದೊಡ್ಡಮ್ಮ ಹೇಳಿದ್ದು ಸರಿ, ಕೆಂಡ ಆರಿದ್ದೇ.

ನಿಮಿಷ ಲೆಕ್ಕ ಬಿಡಿ. ಒಳಗೆ ಇಡುವ ಓವನ್ ಥರ್ಮಾಮೀಟರ್ ಸಿಗುತ್ತದೆ, ಅದರ ಮುಳ್ಳು 175 ಮುಟ್ಟಿದ ಮೇಲೆ ಟ್ರೇ ಇಡಿ. ಪ್ಲಗ್ಗಿಗೆ ಚುಚ್ಚುವ ಸಣ್ಣ ವೋಲ್ಟ್‌ಮೀಟರ್ ಕೂಡ ತೆಗೆದುಕೊಳ್ಳಿ. ಒಂದು ಮಾತು, ಟಿವಿಗೋ ಫ್ರಿಜ್ಜಿಗೋ ಇಟ್ಟ ಸಣ್ಣ ಸ್ಟೆಬಿಲೈಸರಿಗೆ ಓವನ್ ಸಿಕ್ಕಿಸಬೇಡಿ. 1500 ವಾಟ್ ಅದು ತಡೆಯುವುದಿಲ್ಲ, ಸುಟ್ಟು ಹೋಗುತ್ತದೆ.

ಬೋರ್ಮದ ಬುಡದಲ್ಲಿ:

ಹದಿನೆಂಟು ವರ್ಷ ತೆಂಗಿನ ಚಿಪ್ಪು, ಸೌದೆ ಹಾಕಿ ಬೇಯಿಸಿದವನಿಗೆ ಇದು ಹೊಳೆಯಲೇ ಇಲ್ಲ ನೋಡಿ. ಬೋರ್ಮಕ್ಕೆ ವೋಲ್ಟೇಜ್ ಇಲ್ಲವಲ್ಲ. ಆದರೂ ಉಂಡೆ ಫ್ರಿಜ್ಜಿನಲ್ಲಿಡುವುದು ಬಿಡಬೇಡಿ ಟೀಚರೇ.

ನೀರ್ಚಾಲು ಟೀಚರ್ (ಹತ್ತು ದಿನ ಬಿಟ್ಟು):

ಎಲ್ಲರಿಗೂ ಸುದ್ದಿ ಹೇಳಬೇಕು. ಎರಡೂ ಮೀಟರ್ ತರಿಸಿದೆ. ಭಾನುವಾರ ಬೆಳಿಗ್ಗೆ 222 ವೋಲ್ಟ್. ಬುಧವಾರ ಆರೂವರೆಗೆ ನೋಡಿದರೆ 207. ಇಷ್ಟೇನಾ, ಕಂಬದವರು ಸುಮ್ನೆ ಹೆದರಿಸಿದರು ಅಂದುಕೊಂಡೆ. ನೋಡ್ತಾ ನೋಡ್ತಾ ಇದ್ದ ಹಾಗೆ 176ಕ್ಕೆ ಬಿತ್ತು. ಹೊರಗೆ ಗುಂಯ್ ಅಂತ ಸದ್ದು.

ನಮ್ಮದೇ ಪಂಪು ಮಾರಾಯ್ರೆ! ಮಾವ ದಿನಾ ಆರೂವರೆಗೆ ಕೆರೆಯ ಪಂಪು ಹಾಕುವುದು. ಮಳೆಗಾಲ ಮುಗಿದು ಡಿಸೆಂಬರ್‌ವರೆಗೆ ಮೇಲೆ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರೇ ತೋಟಕ್ಕೆ ತಾನಾಗಿ ಇಳಿದು ಬರುತ್ತದೆ, ಪಂಪು ಬೇಡ. ಜನವರಿಗೆ ಸುರಂಗದ ನೀರು ಸಪೂರ ಆಗುತ್ತದೆ, ಆಗ ಪಂಪು ಶುರು. ಭಾನುವಾರ ಬೆಳಿಗ್ಗೆ ಅವರು ನೀರು ಬಿಡುವುದಿಲ್ಲ. ಜನವರಿ ಲೆಕ್ಕ ಈಗ ಸರಿ ಕೂತಿತು.

ಅವತ್ತು ಹಿಟ್ಟನ್ನು ಫ್ರಿಜ್ಜಿನಲ್ಲಿಟ್ಟು, ಪಂಪು ನಿಂತ ಮೇಲೆ ಎಂಟೂ ಕಾಲಿಗೆ ಬೇಯಿಸಿದೆ. ಥರ್ಮಾಮೀಟರ್ 175 ಮುಟ್ಟಲು ಹದಿನೇಳು ನಿಮಿಷ ಹಿಡಿಯಿತು. ಅಂದರೆ ಭಾನುವಾರದ ಹತ್ತು ನಿಮಿಷವೂ ಅರೆಬರೆಯೇ ಆಗಿತ್ತು. ಬೆಲ್ಲ 75 ಗ್ರಾಂ ಹಾಕಿದೆ, ಹಣ್ಣು ಬಿಟ್ಟೆ, ಮೂರರಲ್ಲೊಂದು ಪಾಲು ಓಟ್ಸ್ ಪುಡಿ ಮಾಡಿದೆ, ಎರಡು ಗಂಟೆ ಹಿಟ್ಟು ತಾನಾಗಿಯೇ ನೆನೆದಿತ್ತು. ಒಂದೂ ಅಂಟಿಕೊಳ್ಳಲಿಲ್ಲ. ಗೇರುಬೀಜ ತುದಿಯಲ್ಲಿ ಸ್ವಲ್ಪ ಕಂದಿತು, ಇನ್ನು ಒಂದು ನಿಮಿಷ ಕಡಿಮೆ ಇಡುತ್ತೇನೆ. ಶನಿವಾರದವರೆಗೆ ಗರಿಗರಿಯೇ ಇತ್ತು. ಮಗಳು ಮಾತ್ರ ಬಾಳೆಹಣ್ಣಿನದ್ದೇ ಒಳ್ಳೆಯದಿತ್ತು ಅನ್ನುತ್ತಾಳೆ. ಅವಳಿಗೆ ಎರಡು ಬಗೆ ಮಾಡಲು ನನ್ನಿಂದಾಗದು.

ಮಾವನಿಗೆ ವಿಷಯ ಹೇಳಿದಾಗ, ಅಡಿಕೆ ತೋಟ ಒಣಗಿಸಿ ಬಿಸ್ಕತ್ತು ಒಣಗಿಸುವುದಾ ಎಂದು ಕೇಳಿದರು. ಈಗ ಬುಧವಾರ ಬಂದರೆ ಪಂಪಿನ ಶೆಡ್ಡಿನಿಂದಲೇ ಕೂಗುತ್ತಾರೆ: "ಇವತ್ತು ಕುದುರೆ ಬಿಸ್ಕತ್ತು ಉಂಟಾ? ಇಲ್ಲದಿದ್ದರೆ ನಾನು ಸ್ವಿಚ್ ಹಾಕಿದೆ."